ಮರವೂ ಪೊರೆ ಬಿಡುತ್ತದೆ

ನಮ್ಮ ಹಿತ್ತಲಲ್ಲಿ ಒಂದು ಸೀಬೆ ಮರ ಇದೆ. ಅದರ ತೊಗಟೆ ಚಕ್ಕೆ ಚಕ್ಕೆಯಾಗಿ ಉದುರುತ್ತಿತ್ತು. ಪಕ್ಕದ ಮನೆ ಅಜ್ಜಿ ನೋಡಿದರು. "ಮರಕ್ಕೆ ಕಜ್ಜಿ ಬಂದದೆ ಕನವ್ವ. ಕಡಿಸ್ಬುಡಿ" ಅಂದರು. ನಮಗೂ ಹೌದು ಅನ್ನಿಸಿತು. ಕೊಡಲಿ ಹುಡುಕಿದೆವು.

ಆಗ ನಮ್ಮ ಮನೆ ಹುಡುಗಿ ಮೊಬೈಲು ತಂದಳು. "ತಡೀರವ್ವ, ಮೊದಲು ಹತ್ತಿರದಿಂದ ನೋಡೋಣ" ಅಂದಳು. ಮೊಬೈಲನ್ನು ತೊಗಟೆಗೆ ತೀರಾ ಹತ್ತಿರ ಹಿಡಿದಳು. ಫೋಟೊ ಮಸುಕಾಯಿತು. ಆರು ಬೆರಳಿನಷ್ಟು ಹಿಂದೆ ಸರಿದಳು. ಕೈ ಅಲುಗಬಾರದು ಎಂದು ಮೊಣಕೈಯನ್ನು ಮೈಗೆ ಒತ್ತಿಕೊಂಡಳು. ಬೆಳಗಿನ ಬಿಸಿಲು ಪಕ್ಕದಿಂದ ಬೀಳುತ್ತಿತ್ತು. ಅದಕ್ಕೇ ಚಕ್ಕೆಯ ಅಂಚು, ಅಂಚಿನ ನೆರಳು ಎಲ್ಲ ಕಂಡವು. ನಡುಮಧ್ಯಾಹ್ನ ತೆಗೆದರೆ ಇಷ್ಟು ಚೆನ್ನಾಗಿ ಕಾಣದು.

ಫೋಟೊ ದೊಡ್ಡದು ಮಾಡಿ ನೋಡಿದೆವು. ಅಬ್ಬಾ! ಬೆರಳಗಲದ ಜಾಗ ಹೊಲಗದ್ದೆಗಳ ನಕ್ಷೆಯ ಹಾಗಿತ್ತು. ಕಂದು ಚಕ್ಕೆ ಸುರುಳಿ ಸುತ್ತಿತ್ತು. ಅದರ ಅಡಿಯಲ್ಲಿ ಹೊಸ ತೊಗಟೆ. ಎಳೆ ಹಸಿರು ಬಣ್ಣ, ನುಣ್ಣಗಿತ್ತು. ರಸ ಸೋರುತ್ತಿರಲಿಲ್ಲ. ಹುಳು ಕೊರೆದ ತೂತೂ ಇರಲಿಲ್ಲ. ಒಂದು ಪುಟ್ಟ ಜೇಡ ಮಾತ್ರ ಕೂತಿತ್ತು. ಕಜ್ಜಿ ಎಲ್ಲಿ?

ಮರ ವರ್ಷ ವರ್ಷ ದಪ್ಪ ಆಗುತ್ತದೆ. ಹೊರಗಿನ ತೊಗಟೆ ಸತ್ತದ್ದು. ಅದು ಹಿಗ್ಗುವುದಿಲ್ಲ. ಮಗು ಬೆಳೆದರೆ ಹಳೆ ಅಂಗಿ ಬಿರಿಯುತ್ತದಲ್ಲ, ಹಾಗೆ. ಸೀಬೆಯಲ್ಲಿ ಚಕ್ಕೆ ಏಳುತ್ತದೆ. ನೀಲಗಿರಿ ಮರದಲ್ಲಿ ಉದ್ದುದ್ದ ಪಟ್ಟಿ ಸುಲಿಯುತ್ತದೆ.

ಗುಂಡ್ಲುಪೇಟೆಯಿಂದ ಊಟಿಗೆ ಹೋಗುವ ಬಸ್ಸು ಬಂಡೀಪುರ ಕಾಡಿನ ನಡುವೆ ಹೋಗುತ್ತದೆ. ಕಿಟಕಿಯಿಂದ ನೋಡಿ. ಅಲ್ಲಿ ಮತ್ತಿ ಮರಗಳಿವೆ. ಅವುಗಳ ತೊಗಟೆ ಮೊಸಳೆ ಚರ್ಮದ ಹಾಗೆ ಚೌಕ ಚೌಕವಾಗಿ ಸೀಳಿರುತ್ತದೆ. 2019ರ ಫೆಬ್ರವರಿಯಲ್ಲಿ ಆ ಕಾಡಿಗೆ ದೊಡ್ಡ ಬೆಂಕಿ ಬಿತ್ತು. ಇಂಥ ದಪ್ಪ ತೊಗಟೆ ನೆಲದ ಬೆಂಕಿಯಿಂದ ಮರದ ಒಳಗನ್ನು ಕಾಯುತ್ತದೆ. ಸತ್ತ ತೊಗಟೆಗೂ ಕೆಲಸ ಇದೆ ನೋಡಿ.

ಆದರೆ ಅದರ ಒಳಗೆ ಇನ್ನೊಂದು ತೊಗಟೆ ಇದೆ. ಅದು ಹಸಿ, ಅದಕ್ಕೆ ಜೀವ ಇದೆ. ಬೇಸಿಗೆಯಲ್ಲಿ ಹುಲ್ಲು ಒಣಗಿದಾಗ ಆನೆಗಳು ತೇಗದ ಮರ ಸುಲಿದು ತಿನ್ನುವುದು ಇದನ್ನೇ. ಎಲೆ ಅಡುಗೆ ಮಾಡುತ್ತದೆ. ಬೇರಿಗೆ ಊಟ ಹೋಗುವುದು ಈ ಒಳ ತೊಗಟೆಯ ದಾರಿಯಲ್ಲಿ. ಸುತ್ತಲೂ ಬಳೆಯ ಹಾಗೆ ಕೆತ್ತಿದರೆ ದಾರಿ ಕಡಿಯುತ್ತದೆ. ಬೇರು ಉಪವಾಸ ಬೀಳುತ್ತದೆ. ಮರ ಒಣಗುತ್ತದೆ.

ನಮ್ಮ ಹೊಲದ ಬದುವಿನ ನೇರಳೆ ಮರ ಹಾಗೇ ಸತ್ತಿತು. ಕೆತ್ತಿದವರು ಬೇರೆ ಯಾರೂ ಅಲ್ಲ, ನಾವೇ. ಕಷಾಯಕ್ಕೆ ತೊಗಟೆ ಬೇಕಿತ್ತು. ಒಂದು ಮಗ್ಗುಲಲ್ಲಿ ಒಂದು ಸಣ್ಣ ಚೂರು ಸಾಕಾಗಿತ್ತು. ನಮಗೆ ಗೊತ್ತಿರಲಿಲ್ಲ.

ಸೀಬೆ ಮರವನ್ನು ಕಡಿಯಲಿಲ್ಲ. ತಾನಾಗಿ ಉದುರುವ ಚಕ್ಕೆ ಉದುರಲಿ ಎಂದು ಬಿಟ್ಟೆವು. ಉಗುರು ಹಾಕಿ ಕೀಳಬೇಡಿ ಎಂದು ಮಕ್ಕಳಿಗೂ ಹೇಳಿದೆವು.

ಹುಡುಗಿ ಚಾಮರಾಜನಗರಕ್ಕೆ ಹೋದಾಗ ಆ ಫೋಟೊ ಪ್ರಿಂಟು ಹಾಕಿಸಿ ತಂದಳು. ಅದರ ಕೆಳಗೆ ಮರದ ಹೆಸರು ಬರೆದೆವು. ಅಜ್ಜಿ ಕನ್ನಡಕ ಹಾಕಿಕೊಂಡು ಒಂದೊಂದೇ ಅಕ್ಷರ ಓದಿದರು.

"ಸಿಬೆ ಅಂತ ಬರದಿದ್ದೀರಲ್ಲ! ದೀರ್ಘ ಎಲ್ಲವ್ವ?" ಅಂದರು.