ಭಯದ ಸಂಗೀತವೆಂಬ ಸರಕು: ರಚನೆ, ನಾಮಕರಣ ಮತ್ತು ಹಕ್ಕಿನ ವ್ಯವಹಾರ

ದೊಡ್ಡಬಳ್ಳಾಪುರದ ಮಗ್ಗದ ಮನೆಗಳಲ್ಲಿ ಎರಡು ಬಗೆಯ ನೇಯ್ಗೆ ನಡೆಯುವುದು ಸದಸ್ಯರಿಗೆ ತಿಳಿದ ವಿಷಯವೇ. ಗಿರಾಕಿಯು ಬಣ್ಣ, ಅಂಚು, ಸೆರಗನ್ನು ಮೊದಲೇ ಹೇಳಿ ಮುಂಗಡ ಕೊಟ್ಟು ನೇಯಿಸುವ ಸೀರೆ ಒಂದು ಬಗೆ. ಕೊಳ್ಳುವವರು ಯಾರೆಂದು ತಿಳಿಯದೆ, ಪೇಟೆಯ ರುಚಿಯನ್ನು ಅಂದಾಜು ಮಾಡಿ ನೇಯ್ದು ದಾಸ್ತಾನು ಇಡುವ ಸೀರೆ ಇನ್ನೊಂದು ಬಗೆ. ಸಂಗೀತದ ವ್ಯವಹಾರದಲ್ಲಿಯೂ ಇಂಥದೇ ವಿಭಾಗವಿದೆ. 'ನಾ ನಿನ್ನ ಬಿಡಲಾರೆ' (1979) ಚಿತ್ರಕ್ಕೆ ರಾಜನ್-ನಾಗೇಂದ್ರ ಜೋಡಿ, 'ಆಪ್ತಮಿತ್ರ'ಕ್ಕೆ (2004) ಗುರುಕಿರಣ್ ಒದಗಿಸಿದ ಸಂಗೀತ ಮೊದಲ ಬಗೆಯದು. ಕಥೆ ಕೇಳಿ, ದೃಶ್ಯ ನೋಡಿ, ಆ ಚಿತ್ರಕ್ಕೆಂದೇ ರಚಿಸಿದ್ದು. ಎರಡನೆಯ ಬಗೆಯನ್ನು ಪ್ರೊಡಕ್ಷನ್ ಮ್ಯೂಸಿಕ್ ಅಥವಾ ಸಿದ್ಧ ಸಂಗೀತ ಎನ್ನುತ್ತಾರೆ. ಸಂಯೋಜಕನು ಮುಂಚಿತವಾಗಿ ರಚಿಸಿ, ಧ್ವನಿಮುದ್ರಿಸಿ, ಹೆಸರಿಟ್ಟು ಸಂಗೀತ ಭಂಡಾರವೊಂದರಲ್ಲಿ ಇರಿಸುತ್ತಾನೆ. ಧಾರಾವಾಹಿ, ಜಾಹೀರಾತು, ಕಿರುಚಿತ್ರ, ಗಣಕ ಆಟ ತಯಾರಿಸುವವರು ಹುಡುಕಿ, ಶುಲ್ಕ ತೆತ್ತು, ಬಳಸಿಕೊಳ್ಳುತ್ತಾರೆ.

ಆದರೆ ಸೀರೆಗೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸವುಂಟು. ಸೀರೆಯನ್ನು ಒಮ್ಮೆ ಮಾರಿದರೆ ಮುಗಿಯಿತು. ಸಿದ್ಧ ಸಂಗೀತದ ಒಂದೇ ತುಣುಕನ್ನು ನೂರು ಜನರಿಗೆ ಕೊಟ್ಟರೂ ಅದು ಕೊಟ್ಟವನ ಬಳಿಯೇ ಉಳಿದಿರುತ್ತದೆ. ಇಲ್ಲಿ ಮಾರಾಟವಾಗುವುದು ಸಂಗೀತವಲ್ಲ, ಅದನ್ನು ಬಳಸುವ ಅನುಮತಿ. ಈ ಮಾತನ್ನು ಸರಿಯಾಗಿ ಗ್ರಹಿಸದೆ ಈ ಕಸುಬಿಗೆ ಇಳಿದವರು ಒಳ್ಳೆಯ ಸಂಗೀತ ರಚಿಸಿಯೂ ಬರಿಗೈಯಲ್ಲಿ ಉಳಿಯುತ್ತಾರೆ.

ಒಂದು ಹಳೆಯ ಚಿತ್ರದ ಪಾಠ

ಈ ವ್ಯಾಪಾರ ಹೊಸದಲ್ಲ. ಲಂಡನ್ನಿನ ಡಿ ವುಲ್ಫ್ ಸಂಸ್ಥೆ ಮೂಕಿಚಿತ್ರಗಳ ಕಾಲದಲ್ಲಿ, 1909ರಲ್ಲಿಯೇ ಆರಂಭವಾಯಿತು. ಭಯಾನಕ ಚಿತ್ರಗಳಿಗೂ ಸಿದ್ಧ ಸಂಗೀತಕ್ಕೂ ಇರುವ ನಂಟು ಕೂಡ ಹಳೆಯದೇ. ಅಮೆರಿಕದ ಜಾರ್ಜ್ ರೊಮೇರೊ 1968ರಲ್ಲಿ ತೆಗೆದ 'ನೈಟ್ ಆಫ್ ದ ಲಿವಿಂಗ್ ಡೆಡ್' ಚಿತ್ರಕ್ಕೆ ವೆಚ್ಚವಾದದ್ದು ಸುಮಾರು 1,14,000 ಡಾಲರ್. ಆ ಕಾಲಕ್ಕೂ ಅದು ಅಲ್ಪ ಮೊತ್ತ. ವಾದ್ಯವೃಂದ ಕೂಡಿಸುವ ಶಕ್ತಿ ಇಲ್ಲದ ತಂಡವು ಕ್ಯಾಪಿಟಲ್ ಸಂಸ್ಥೆಯ 'ಹೈ-ಕ್ಯೂ' ಭಂಡಾರದಿಂದ ಸಿದ್ಧ ತುಣುಕುಗಳನ್ನು ಆಯ್ದು ಜೋಡಿಸಿತು. ಪ್ರೇಕ್ಷಕರು ಬೆಚ್ಚಿಬಿದ್ದರು.

ವ್ಯಾಪಾರಿಗಳು ಗಮನಿಸಬೇಕಾದದ್ದು ಅದರ ಮುಂದಿನ ಕಥೆ. ಚಿತ್ರಕ್ಕೆ ಮೊದಲು ಇದ್ದ ಹೆಸರು ಬೇರೆ. ವಿತರಕರು ಬಿಡುಗಡೆಗೆ ಮುನ್ನ ಹೆಸರನ್ನು ಬದಲಿಸಿದರು. ಹಳೆಯ ಶೀರ್ಷಿಕೆ ಫಲಕದ ಮೇಲೆಯೇ ಕೃತಿಸ್ವಾಮ್ಯದ ಸೂಚನೆಯೂ ಇದ್ದಿತು. ಫಲಕ ತೆಗೆದಾಗ ಅದೂ ಹೋಯಿತು, ಹೊಸ ಫಲಕದಲ್ಲಿ ಸೇರಿಸಲು ಯಾರಿಗೂ ನೆನಪಾಗಲಿಲ್ಲ. ಅಂದಿನ ಅಮೆರಿಕದ ಕಾನೂನಿನಂತೆ ಸೂಚನೆಯಿಲ್ಲದ ಪ್ರಕಟಿತ ಕೃತಿಗೆ ರಕ್ಷಣೆಯಿರಲಿಲ್ಲ. ಲೋಕಪ್ರಸಿದ್ಧವಾದ ಚಿತ್ರವು ಸಾರ್ವಜನಿಕ ಸ್ವತ್ತಾಗಿ, ಯಾರು ಬೇಕಾದರೂ ಪ್ರತಿ ಮಾಡಿ ಮಾರುವಂತಾಯಿತು. ಭಾರತದಲ್ಲಿ ಇಂದು ಅಂಥ ನಿಯಮವಿಲ್ಲ, ಕೃತಿ ರಚಿತವಾದೊಡನೆ ಹಕ್ಕು ಹುಟ್ಟುತ್ತದೆ. ಆದರೂ ಹೆಸರು ಮತ್ತು ಕಾಗದಪತ್ರದ ಕೆಲಸವನ್ನು ಕೊನೆಯ ಗಳಿಗೆಗೆ ಬಿಡುವವರು ಈ ಪ್ರಸಂಗವನ್ನು ಮರೆಯಬಾರದು.

ಹೆದರಿಕೆಯನ್ನು ಹೆಣೆಯುವ ಬಗೆ

ಭಯದ ಸಂಗೀತದಲ್ಲಿ ರಾಗವಿಸ್ತಾರಕ್ಕೆ ಎಡೆ ಕಡಿಮೆ. ಅದರ ಮೇಲೆ ಪಾತ್ರಗಳ ಮಾತು ಬರುತ್ತದೆ, ಬಾಗಿಲು ಕಿರುಗುಟ್ಟುತ್ತದೆ, ಹೆಜ್ಜೆಯ ಸಪ್ಪಳ ಕೇಳಬೇಕು. ಆದ್ದರಿಂದ ಮನುಷ್ಯನ ಮಾತಿನ ಸ್ಥಾಯಿಯನ್ನು ತೆರವಾಗಿ ಬಿಟ್ಟು, ಅದಕ್ಕಿಂತ ಕೆಳಗೆ ಗಂಭೀರವಾದ ದೀರ್ಘನಾದವನ್ನೂ ಮೇಲೆ ಸಣ್ಣ ಕರ್ಕಶ ಧ್ವನಿಗಳನ್ನೂ ಇಡುವುದು ರೂಢಿ. ಒಂದಕ್ಕೊಂದು ತೀರ ಸಮೀಪದ ಎರಡು ಸ್ವರಗಳು ಒಟ್ಟಿಗೆ ನುಡಿದಾಗ ಕಿವಿಗೆ ನೆಮ್ಮದಿ ಇರುವುದಿಲ್ಲ. ಸೆಕೆಂಡಿಗೆ 110 ಕಂಪನಗಳ ನಾದದೊಡನೆ 113 ಕಂಪನಗಳ ನಾದವನ್ನು ಸೇರಿಸಿದರೆ ಸೆಕೆಂಡಿಗೆ ಮೂರು ಬಾರಿ ಏರಿಳಿಯುವ ಮಿಡಿತವೊಂದು ತಾನಾಗಿ ಹುಟ್ಟುತ್ತದೆ. ಶ್ರುತಿ ಕೂದಲೆಳೆಯಷ್ಟು ತಪ್ಪಿದ ತಂಬೂರಿಯಲ್ಲಿ ಕೇಳುವುದೂ ಇದೇ. ಕಛೇರಿಯಲ್ಲಿ ದೋಷವಾದದ್ದು ಇಲ್ಲಿ ಗುಣ. 'ಸೈಕೋ' (1960) ಚಿತ್ರಕ್ಕೆ ಬರ್ನಾರ್ಡ್ ಹರ್ಮನ್ ಕೇವಲ ತಂತಿವಾದ್ಯಗಳನ್ನು ಬಳಸಿಯೇ ಲೋಕವನ್ನು ನಡುಗಿಸಿದುದನ್ನು ನೆನೆದರೆ, ಬೇಕಾದುದು ದುಬಾರಿ ಸಲಕರಣೆಯಲ್ಲವೆಂಬುದು ವಿದಿತವಾಗುತ್ತದೆ.

ಕಚ್ಚಾವಸ್ತು ನಮ್ಮ ಜಿಲ್ಲೆಯಲ್ಲಿಯೇ ಹೇರಳವಾಗಿದೆ. ನಿಮಿಷಕ್ಕೆ ನೂರಕ್ಕೂ ಮಿಕ್ಕಿ ಲಾಳಿ ಹೊಡೆಯುವ ವಿದ್ಯುತ್ ಮಗ್ಗದ ಸದ್ದನ್ನು ಮುದ್ರಿಸಿ ಅರ್ಧ ವೇಗದಲ್ಲಿ ನುಡಿಸಿದರೆ ಅದು ಒಂದು ಸ್ಥಾಯಿ ಕೆಳಗಿಳಿದು, ಯಾವುದೋ ದೊಡ್ಡ ಪ್ರಾಣಿ ಉಸಿರಾಡಿದಂತೆ ಕೇಳುತ್ತದೆ. ನೆಲಮಂಗಲದ ಖಾಲಿ ಗೋದಾಮಿನ ಷಟರ್ ಎಳೆಯುವ ಸದ್ದು, ಬತ್ತಿದ ಬಾವಿಗೆ ಬಿದ್ದ ಕಲ್ಲು, ತಮಟೆ ಹಾಗೂ ಉರುಮೆಯ ನಾದ, ಇವು ವಿದೇಶದ ಭಂಡಾರಗಳಲ್ಲಿ ಸುಲಭವಾಗಿ ಸಿಗುವ ಸರಕಲ್ಲ. ಎಲ್ಲರ ಬಳಿಯೂ ಇರುವ ಗಣಕದ ಪಿಟೀಲುಗಳಿಗಿಂತ ಇವುಗಳಿಗೇ ಬೆಲೆ ಹೆಚ್ಚು.

ಸರಕನ್ನು ಕಟ್ಟಿಕೊಡುವ ಕ್ರಮಕ್ಕೂ ಅಷ್ಟೇ ಮಹತ್ವವಿದೆ. ಒಂದೂವರೆಯಿಂದ ಮೂರು ನಿಮಿಷದ ಪೂರ್ಣ ಕೃತಿ, ಅದರ 60, 30, 15 ಸೆಕೆಂಡುಗಳ ರೂಪಗಳು, ತಾಳವಾದ್ಯವಿಲ್ಲದ ರೂಪ, ಥಟ್ಟನೆ ಬೆಚ್ಚಿಬೀಳಿಸುವ ಎರಡು-ಮೂರು ಸೆಕೆಂಡಿನ ತುಣುಕುಗಳು, ಇಷ್ಟನ್ನೂ ಒಂದೇ ಕಟ್ಟಿನಲ್ಲಿ ಕೊಡಬೇಕು. ಸಂಕಲನಕಾರನು ಕತ್ತರಿಸಲು ಅನುಕೂಲವಾಗುವಂತೆ ನಡುನಡುವೆ ಕ್ಷಣಕಾಲದ ನಿಲುಗಡೆಗಳಿರಬೇಕು. ಕೊನೆಯು ಮೆಲ್ಲನೆ ಮಾಯವಾಗದೆ ಸ್ಪಷ್ಟವಾಗಿ ನಿಲ್ಲಬೇಕು. ಸಂಯೋಜಕನಿಗೆ ಪ್ರಿಯವಾದ ಆರು ನಿಮಿಷದ ಕೃತಿಯನ್ನು ಕತ್ತರಿಸುವ ವ್ಯವಧಾನ ಯಾವ ಸಂಕಲನಕಾರನಿಗೂ ಇರುವುದಿಲ್ಲ.

ಹೆಸರಿನ ಬೆಲೆ

ಅಂಗಡಿಯಲ್ಲಿ ಗಿರಾಕಿ ಸೀರೆಯನ್ನು ಮುಟ್ಟಿ ನೋಡುತ್ತಾನೆ. ಸಾವಿರಾರು ತುಣುಕುಗಳಿರುವ ಸಂಗೀತ ಭಂಡಾರದಲ್ಲಿ ಎಲ್ಲವನ್ನೂ ಕೇಳಿ ನೋಡಲು ಯಾರಿಗೂ ಬಿಡುವಿಲ್ಲ, ಹೆಸರು ನೋಡಿ ನಾಲ್ಕಾರನ್ನು ಆಯ್ದು ಕೇಳುತ್ತಾರೆ. 'ಡಾರ್ಕ್ 01', 'ಹಾರರ್ ಹೊಸದು' ಎಂಬ ಹೆಸರುಗಳು ಲೇಬಲ್ಲಿಲ್ಲದ ಡಬ್ಬಿಗಳಂತೆ. ಎರಡು-ಮೂರು ಪದಗಳಲ್ಲಿ ಒಂದು ಜಾಗವನ್ನೋ ಘಟನೆಯನ್ನೋ ಕಣ್ಣಮುಂದೆ ತರುವ ಹೆಸರು ಉತ್ತಮ. 'ಬತ್ತಿದ ಬಾವಿ', 'ಕೋಟೆಯ ಹಿಂಬಾಗಿಲು', 'ಮಗ್ಗದ ಮನೆ, ಮೂರನೆಯ ಪಾಳಿ' ಎಂಬಂತೆ. ಕೇಳುವ ಮೊದಲೇ ಸಂಕಲನಕಾರನಿಗೆ ತನ್ನ ದೃಶ್ಯದಲ್ಲಿ ಅದು ಎಲ್ಲಿ ಕೂರುವುದೆಂದು ಹೊಳೆಯಬೇಕು.

1990ರ ದಶಕದಲ್ಲಿ ಬೆಂಗಳೂರಿನಲ್ಲಿಯೂ ಸುತ್ತಲ ಊರುಗಳಲ್ಲಿಯೂ ಮನೆಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದುಕೊಂಡುದು ಹಲವರಿಗೆ ನೆನಪಿರಬಹುದು. ಕನ್ನಡಿಗನಿಗೆ ಅದಕ್ಕಿಂತ ಸಮರ್ಥವಾದ ಹೆಸರು ಬೇಡ. ಆದರೆ ಬರ್ಲಿನ್ನಿನಲ್ಲಿ ಕುಳಿತ ಸಂಕಲನಕಾರನು ಆ ಪದಗಳನ್ನು ಹುಡುಕುವುದಿಲ್ಲ. ಕನ್ನಡ ಹೆಸರನ್ನು ಉಳಿಸಿಕೊಂಡು, ಜೊತೆಯ ವಿವರಣೆಯಲ್ಲಿ ಭಾವ, ವೇಗ, ವಾದ್ಯ, ಉಪಯೋಗಗಳನ್ನು ಇಂಗ್ಲಿಷಿನಲ್ಲಿ ಕೊಡುವುದೇ ಇದಕ್ಕೆ ಪರಿಹಾರ. ಇನ್ನೊಂದು ತೊಡಕೆಂದರೆ ಕಾಗುಣಿತ. 'ಬಾವಿ' ಎಂಬುದನ್ನು ರೋಮನ್ ಲಿಪಿಯಲ್ಲಿ ಒಂದು 'ಎ' ಇಟ್ಟೂ ಬರೆಯಬಹುದು, ಎರಡು ಇಟ್ಟೂ ಬರೆಯಬಹುದು. ಒಮ್ಮೆ ಆರಿಸಿದ ರೂಪವನ್ನು ಎಲ್ಲ ದಾಖಲೆಗಳಲ್ಲಿಯೂ ಹಾಗೆಯೇ ಉಳಿಸಬೇಕು.

ಏಕೆಂದರೆ ಹೆಸರು ಕೇವಲ ಜಾಹೀರಾತಲ್ಲ, ಲೆಕ್ಕದ ಕೀಲಿಯೂ ಹೌದು. ಕಾರ್ಯಕ್ರಮ ಪ್ರಸಾರವಾದ ಮೇಲೆ ನಿರ್ಮಾಪಕರು ಬಳಸಿದ ಸಂಗೀತದ ಪಟ್ಟಿ ತಯಾರಿಸುತ್ತಾರೆ. ಇದಕ್ಕೆ ಕ್ಯೂ ಶೀಟ್ ಎನ್ನುತ್ತಾರೆ. ಕೃತಿಯ ಹೆಸರು, ಸಂಯೋಜಕ, ಪ್ರಕಾಶಕ, ಬಳಸಿದ ಅವಧಿ ಅದರಲ್ಲಿರುತ್ತವೆ. ರಾಯಲ್ಟಿ ಸಂಗ್ರಹಿಸುವ ಸಂಘಗಳು ಅದನ್ನಾಧರಿಸಿಯೇ ಹಣ ಹಂಚುತ್ತವೆ. ನೋಂದಣಿಯಲ್ಲಿ ಒಂದು ಹೆಸರು, ಪಟ್ಟಿಯಲ್ಲಿ ಇನ್ನೊಂದು ಇದ್ದರೆ ಹಣ ವಾರಸುದಾರರಿಲ್ಲದೆ ನಿಲ್ಲುತ್ತದೆ. ಪ್ರತಿ ಧ್ವನಿಮುದ್ರಣಕ್ಕೂ ಐ.ಎಸ್.ಆರ್.ಸಿ. ಎಂಬ 12 ಅಕ್ಷರಾಂಕಗಳ ಅಂತರರಾಷ್ಟ್ರೀಯ ಸಂಕೇತ ಪಡೆದಿರುವುದು ಈ ಕಾರಣಕ್ಕೆ ಒಳ್ಳೆಯದು.

ಹೆಸರಿಗೆ ಕೃತಿಸ್ವಾಮ್ಯದ ರಕ್ಷಣೆ ಉಂಟೇ? ಇಲ್ಲ. 'ದೇಸಿ ಬಾಯ್ಸ್' ಶೀರ್ಷಿಕೆಯ ವ್ಯಾಜ್ಯದಲ್ಲಿ, ಬರಿಯ ಶೀರ್ಷಿಕೆಗೆ ಕೃತಿಸ್ವಾಮ್ಯ ದೊರೆಯದೆಂದು ಸರ್ವೋಚ್ಚ ನ್ಯಾಯಾಲಯವು 2015ರಲ್ಲಿ ತೀರ್ಮಾನಿಸಿದೆ. ದೇವನಹಳ್ಳಿ ಚಕ್ಕೋತಕ್ಕೆ ಭೌಗೋಳಿಕ ಸೂಚ್ಯಂಕದ ಕಾನೂನಿನಿಂದ ಹೆಸರಿನ ಕಾವಲು ಸಿಕ್ಕಿದೆ. 'ಬತ್ತಿದ ಬಾವಿ'ಗೆ ಅಂಥ ಕಾವಲಿಲ್ಲ, ನಾಳೆ ಬೇರೊಬ್ಬನೂ ಅದೇ ಹೆಸರಿಡಬಹುದು. ಹಾಗೆಂದು ಪ್ರಸಿದ್ಧ ಚಿತ್ರದ ಹೆಸರನ್ನು ಎತ್ತಿಕೊಳ್ಳುವುದು ಜಾಣತನವಲ್ಲ. ಅಲ್ಲಿ ವ್ಯಾಪಾರ ಚಿಹ್ನೆಯ ಕಾನೂನು ಎದುರಾಗುತ್ತದೆ. ಗ್ರಾಮದೇವತೆಗಳ ಹೆಸರನ್ನು ದೆವ್ವದ ಸಂಗೀತಕ್ಕೆ ಇಡುವುದಂತೂ ಸರ್ವಥಾ ಕೂಡದು. ತಮಟೆ ಬಾರಿಸಿಕೊಟ್ಟ ಊರಿನವರೇ ಮುನಿದರೆ ಮುಂದಿನ ಬಾರಿ ಬಾರಿಸುವವರಾರು?

ಸಹಿಗೆ ಮುನ್ನ

ದೊಡ್ಡಬಳ್ಳಾಪುರದ ಯುವಕನೊಬ್ಬ 30 ತುಣುಕುಗಳನ್ನು ಸಿದ್ಧಪಡಿಸಿದನೆಂದು ಭಾವಿಸೋಣ. ಸಂಸ್ಥೆಯೊಂದು ತಲಾ 4,000 ರೂಪಾಯಿಗೆ ಎಲ್ಲ ಹಕ್ಕುಗಳನ್ನೂ ಕೊಳ್ಳಲು ಮುಂದೆ ಬರುತ್ತದೆ. ಒಟ್ಟು 1,20,000 ರೂಪಾಯಿ, ಅದೂ ಕೂಡಲೇ. ಇನ್ನೊಂದು ಸಂಸ್ಥೆ ಹಕ್ಕನ್ನು ಅವನಲ್ಲಿಯೇ ಬಿಟ್ಟು, ಪ್ರತಿ ಪರವಾನಗಿಗೆ ಅವನ ಪಾಲು 800 ರೂಪಾಯಿ ಎನ್ನುತ್ತದೆ. ಮೂವತ್ತರಲ್ಲಿ ಇಪ್ಪತ್ತು ಯಾರೂ ಕೇಳದೆ ಉಳಿದು, ಮಿಕ್ಕ ಹತ್ತು ತಲಾ 15 ಬಾರಿ ಹೋದರೆ ಎರಡೂ ಲೆಕ್ಕ ಸಮ. ಹದಿನಾರನೆಯ ಬಾರಿಯಿಂದ ಎರಡನೆಯದೇ ಲಾಭ, ಅಷ್ಟು ಹೋಗದಿದ್ದರೆ ನಷ್ಟ. ಮನೆಯಲ್ಲಿ ಸಾಲದ ಕಂತು ನಿಂತಿರುವವನು ಮೊದಲನೆಯದನ್ನು ಆರಿಸಿದರೆ ತಪ್ಪೆನ್ನಲಾಗದು. ಆದರೆ ತಾನು ಮಾರುತ್ತಿರುವುದು ಏನನ್ನು ಎಂಬುದು ಅವನಿಗೆ ತಿಳಿದಿರಬೇಕು. ಭಾರತದಲ್ಲಿ ಸಂಗೀತಕೃತಿಯ ಹಕ್ಕು ಸಂಯೋಜಕನ ಜೀವಮಾನ ಮತ್ತು ಆನಂತರ 60 ವರ್ಷ ಬಾಳುತ್ತದೆ. ಧ್ವನಿಮುದ್ರಣದ ಹಕ್ಕು ಪ್ರಕಟಣೆಯಿಂದ 60 ವರ್ಷ. ಅವನು ಮಾರುವುದು ಮಕ್ಕಳ ಪಾಲನ್ನೂ ಸೇರಿಸಿ.

1957ರ ಕೃತಿಸ್ವಾಮ್ಯ ಅಧಿನಿಯಮದ 19ನೇ ಕಲಮು ಇಂಥವರ ರಕ್ಷಣೆಗಿದೆ. ವರ್ಗಾವಣೆಯು ಲಿಖಿತವಾಗಿದ್ದು ಸಹಿ ಇರಬೇಕು. ಕೃತಿ ಯಾವುದು, ಹಕ್ಕು ಯಾವುವು, ಎಷ್ಟು ಕಾಲ, ಯಾವ ಪ್ರದೇಶ, ಪ್ರತಿಫಲವೇನು ಎಂಬುದನ್ನು ನಮೂದಿಸಬೇಕು. ಕಾಲ ನಮೂದಿಸದಿದ್ದರೆ ಐದು ವರ್ಷವೆಂದೂ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಸೀಮಿತವೆಂದೂ ಕಾನೂನು ಭಾವಿಸುತ್ತದೆ. ಆದಕಾರಣವೇ ಅನುಭವಿ ಸಂಸ್ಥೆಗಳ ಕರಾರಿನಲ್ಲಿ 'ಶಾಶ್ವತವಾಗಿ, ಜಗತ್ತಿನಾದ್ಯಂತ' ಎಂಬ ಪದಗಳು ತಪ್ಪದೆ ಇರುತ್ತವೆ. ಚೌಕಾಸಿ ನಡೆಯಬೇಕಾದದ್ದು ದರದ ಮೇಲಷ್ಟೇ ಅಲ್ಲ, ಈ ಎರಡು ಪದಗಳ ಮೇಲೂ. 2012ರ ತಿದ್ದುಪಡಿಯ ನಂತರ, ಹಕ್ಕನ್ನು ವರ್ಗಾಯಿಸಿದರೂ ರಾಯಲ್ಟಿಯ ಸಮಪಾಲನ್ನು ಸಂಯೋಜಕನು ಉತ್ತರಾಧಿಕಾರಿಗಳಿಗೆ ಅಥವಾ ಕೃತಿಸ್ವಾಮ್ಯ ಸಂಘಕ್ಕೆ ಹೊರತು ಇತರರಿಗೆ ಬಿಟ್ಟುಕೊಡುವಂತಿಲ್ಲ. ಚಿತ್ರಮಂದಿರದಲ್ಲಿ ಚಿತ್ರದೊಡನೆ ಪ್ರದರ್ಶನವಾಗುವುದಕ್ಕೆ ಮಾತ್ರ ಇದು ಅನ್ವಯಿಸುವುದಿಲ್ಲ.

1969ರಲ್ಲಿ ಸ್ಥಾಪಿತವಾದ ಐ.ಪಿ.ಆರ್.ಎಸ್. ಸಂಘದ ಸದಸ್ಯನಾದವನು ತನ್ನ ಕೆಲವು ಹಕ್ಕುಗಳನ್ನು ಸಂಘಕ್ಕೆ ವಹಿಸಿರುತ್ತಾನೆ. ಆನಂತರ ಅದೇ ಹಕ್ಕುಗಳನ್ನು 'ರಾಯಲ್ಟಿರಹಿತ' ಭಂಡಾರಕ್ಕೆ ಕೊಟ್ಟರೆ ಕೊಟ್ಟದ್ದು ಊರ್ಜಿತವಾಗದು. ಸೇರುವ ಮೊದಲೇ ಯಾವ ದಾರಿಯೆಂದು ನಿರ್ಧರಿಸಿಕೊಳ್ಳಬೇಕು.

ಸರಕಿನ ಮೂಲವೂ ಶುದ್ಧವಾಗಿರಬೇಕು. ತಮಟೆಯವರಿಗೆ ಸಂಭಾವನೆ ಕೊಟ್ಟು ಲಿಖಿತ ಒಪ್ಪಿಗೆ ಪಡೆಯತಕ್ಕದ್ದು, ಪ್ರದರ್ಶಕರಿಗೂ ಕಾನೂನಿನಲ್ಲಿ 50 ವರ್ಷಗಳ ಹಕ್ಕಿದೆ. ಉಚಿತವಾಗಿ ಸಿಕ್ಕ ಧ್ವನಿತುಣುಕುಗಳನ್ನು ಬಳಸುವ ಮುನ್ನ ಅವುಗಳ ಷರತ್ತನ್ನು ಓದಬೇಕು. ಗಣಕವೇ ರಚಿಸಿದ ಸಂಗೀತವನ್ನು ಸ್ವಂತದ್ದೆಂದು ಘೋಷಿಸಿ ಸಹಿ ಮಾಡುವುದು ಅಪಾಯಕರ. 'ಕಾಂತಾರ' (2022) ಚಿತ್ರದ 'ವರಾಹ ರೂಪಂ' ಹಾಡು ತಮ್ಮ 'ನವರಸಂ' ಕೃತಿಯನ್ನು ಹೋಲುತ್ತದೆಂದು ಕೇರಳದ ತೈಕ್ಕುಡಂ ಬ್ರಿಡ್ಜ್ ತಂಡವು ನ್ಯಾಯಾಲಯಕ್ಕೆ ಹೋದಾಗ ಚಿತ್ರತಂಡ ಆರೋಪವನ್ನು ನಿರಾಕರಿಸಿತು. ಆದರೂ ಕೆಲಕಾಲ ಹಾಡನ್ನು ಮೂಲರೂಪದಲ್ಲಿ ಪ್ರಸಾರ ಮಾಡಲಾಗಲಿಲ್ಲ. ಅಂಥ ವ್ಯಾಜ್ಯವನ್ನು ದೊಡ್ಡ ಸಂಸ್ಥೆ ತಾಳಿಕೊಂಡೀತು. ಸಣ್ಣ ಸಂಯೋಜಕನ ತುಣುಕಿನ ಮೇಲೆ ದೂರು ಬಂದರೆ ಭಂಡಾರವು ಅದನ್ನು ಕೆಳಗಿಳಿಸಿ, ಕರಾರಿನ ಪ್ರಕಾರ ನಷ್ಟವನ್ನು ಅವನ ಮೇಲೆಯೇ ಹಾಕುತ್ತದೆ. ಯೋಜನೆಯ ಕಡತ, ಕಚ್ಚಾ ಧ್ವನಿಮುದ್ರಣ, ದಿನಾಂಕಗಳನ್ನು ಕಾಪಾಡಿಕೊಂಡವನು ಉತ್ತರ ಕೊಡಬಲ್ಲ. ಕೃತಿಸ್ವಾಮ್ಯದ ನೋಂದಣಿ ಕಡ್ಡಾಯವಲ್ಲ, ಆದರೆ ವ್ಯಾಜ್ಯದಲ್ಲಿ ಅದು ಮೇಲ್ನೋಟದ ಸಾಕ್ಷ್ಯವಾಗುತ್ತದೆ. 2013ರ ನಿಯಮಗಳಂತೆ ಶುಲ್ಕ ಸಂಗೀತಕೃತಿಗೆ 500 ರೂಪಾಯಿ, ಧ್ವನಿಮುದ್ರಣಕ್ಕೆ 2,000 ರೂಪಾಯಿ.

ತೆರಿಗೆಯ ವಿಚಾರದಲ್ಲಿ, ಸಂಯೋಜಕನು ತನ್ನ ಮೂಲ ಸಂಗೀತಕೃತಿಯ ಹಕ್ಕನ್ನು ದೇಶದೊಳಗಿನ ಸಂಗೀತ ಕಂಪನಿಗೋ ನಿರ್ಮಾಪಕರಿಗೋ ಕೊಟ್ಟಾಗ ಜಿ.ಎಸ್.ಟಿ.ಯನ್ನು ಪಡೆದವರೇ ಕಟ್ಟುವ ವ್ಯವಸ್ಥೆಯಿದೆ. ವಿದೇಶೀ ಭಂಡಾರಕ್ಕೆ ಕೊಟ್ಟು ವಿದೇಶೀ ವಿನಿಮಯದಲ್ಲಿ ಹಣ ಪಡೆದರೆ ಅದು ಸೇವೆಯ ರಫ್ತಾಗಬಹುದು. ಧ್ವನಿಮುದ್ರಣದ ಹಕ್ಕಿನ ಲೆಕ್ಕ ಬೇರೆಯಾಗಬಹುದಾದ್ದರಿಂದ ಕರಾರಿನಲ್ಲಿ ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ನಮೂದಿಸಿ, ಮೊದಲ ಬಿಲ್ಲಿಗೆ ಮುನ್ನ ಲೆಕ್ಕಪರಿಶೋಧಕರಿಗೆ ತೋರಿಸುವುದು ಲೇಸು. ಪಾಶ್ಚಾತ್ಯ ದೇಶಗಳಲ್ಲಿ ಅಕ್ಟೋಬರ್ 31ರ ಹ್ಯಾಲೋವೀನ್ ಹಬ್ಬಕ್ಕೆ ಬೇಕಾಗುವ ಭಯದ ಸಂಗೀತವನ್ನು ತಿಂಗಳುಗಳ ಮೊದಲೇ ಆರಿಸಿಕೊಳ್ಳುವುದರಿಂದ, ದೀಪಾವಳಿಯ ಸೀರೆಗೆ ನೂಲು ಕೊಳ್ಳುವ ಹೊತ್ತಿಗೆ ಆ ಕಟ್ಟುಗಳು ಭಂಡಾರವನ್ನು ಸೇರಿರಬೇಕಾಗುತ್ತದೆ.