ಅಂಕ ಕಡಿಮೆ ಬಿದ್ದವರು ಲಾ ಓದಬೇಕೆಂದರೆ

ಪಿಯುಸಿಯಲ್ಲಿ ಒಮ್ಮೆ ಫೇಲಾದವರಿಗೆ ಲಾ ಕಾಲೇಜಿನ ಬಾಗಿಲು ಮುಚ್ಚಿತು ಎಂಬ ಮಾತು ನಮ್ಮ ಸುಳ್ಯದ ಮನೆಗಳಲ್ಲಿ ಇನ್ನೂ ಕೇಳುತ್ತದೆ. ಅದು ಸರಿಯಲ್ಲ. ಈ ಓದಿಗೆ ರ‍್ಯಾಂಕ್ ಬೇಡ, ಕನಿಷ್ಠ ಅಂಕ ಸಾಕು. ಆಮೇಲಿನದ್ದೆಲ್ಲ ಕೂತು ಓದುವ ತಾಳ್ಮೆ.

• ಮೊದಲು ಲೆಕ್ಕ ನೋಡು. ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮದ ಪ್ರಕಾರ ಸಾಮಾನ್ಯ ವರ್ಗಕ್ಕೆ ಶೇ 45, ಹಿಂದುಳಿದ ವರ್ಗಕ್ಕೆ 42, ಪರಿಶಿಷ್ಟರಿಗೆ 40 ಬೇಕು. ಐದು ವರ್ಷದ ಕೋರ್ಸಿಗೆ ಪಿಯುಸಿ ಅಂಕ, ಮೂರು ವರ್ಷದ್ದಕ್ಕೆ ಪದವಿಯ ಅಂಕ. ಎಸ್ಸೆಸ್ಸೆಲ್ಸಿಯಲ್ಲಿ ಎಷ್ಟು ಬಂದಿತ್ತು ಎಂದು ಕೊರಗುತ್ತಾ ಕೂರಬೇಡ. ಹಾಗೆಂದು 44.6 ಬಂದರೆ 45 ಮಾಡಿಕೊಳ್ಳುತ್ತಾರೆ ಎಂಬ ಭರವಸೆಯನ್ನೂ ಇಟ್ಟುಕೊಳ್ಳಬೇಡ.

• ಪಿಯುಸಿ ಅಂಕ ಸಾಲದಿದ್ದರೆ ಮತ್ತೆ ಪರೀಕ್ಷೆಗೆ ಕೂರು. 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಬಾರಿ ಅವಕಾಶ ಕೊಡುತ್ತಿದ್ದಾರೆ. ಇಲ್ಲವೇ ಯಾವುದಾದರೂ ಪದವಿ ಮುಗಿಸಿ ಮೂರು ವರ್ಷದ ಎಲ್‌ಎಲ್‌ಬಿಗೆ ಸೇರು. ಬಿಎ, ಬಿಕಾಂ, ಬಿಎಸ್ಸಿ ಯಾವುದಾದರೂ ಆಗುತ್ತದೆ. ಮುಖ್ಯಮಂತ್ರಿಯಾಗಿದ್ದ ನಮ್ಮ ಮಂಡೆಕೋಲಿನ ಡಿ.ವಿ. ಸದಾನಂದ ಗೌಡರು ಪುತ್ತೂರಿನ ಫಿಲೋಮಿನಾದಲ್ಲಿ ಬಿಎಸ್ಸಿ ಮಾಡಿ, ಉಡುಪಿಯ ವೈಕುಂಠ ಬಾಳಿಗಾ ಕಾಲೇಜಿನಲ್ಲಿ ಕಾನೂನು ಓದಿದವರು.

• ಪಿಯುಸಿಯನ್ನೇ ಬಿಟ್ಟು ನೇರವಾಗಿ ಮುಕ್ತ ವಿಶ್ವವಿದ್ಯಾಲಯದ ಪದವಿ ಪಡೆದರೆ ಕಾನೂನಿಗೆ ನಡೆಯುವುದಿಲ್ಲ.

• ದೂರ ಹೋಗಬೇಕಾಗಿಲ್ಲ. ಸುಳ್ಯದಲ್ಲಿ ಕೆವಿಜಿ ಕಾನೂನು ಕಾಲೇಜು, ಪುತ್ತೂರಿನಲ್ಲಿ ವಿವೇಕಾನಂದ ಕಾನೂನು ಕಾಲೇಜು ಇವೆ. ಎರಡೂ ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಕೆಳಗಿವೆ. ಕ್ಲಾಟ್ ಪರೀಕ್ಷೆ ರಾಷ್ಟ್ರೀಯ ಕಾನೂನು ಶಾಲೆಗಳಿಗೆ. ಇಲ್ಲಿಗೆ ಅದು ಬೇಡ. ಸೀಟು ಕೊಡಿಸುತ್ತೇನೆ ಎನ್ನುವವರ ಕೈಗೆ ಒಂದು ರೂಪಾಯಿಯನ್ನೂ ಕೊಡಬೇಡ, ಕಾಲೇಜಿನ ಕಚೇರಿಗೇ ಹೋಗಿ ಕೇಳು.

• ಫೇಲಾದ ವರ್ಷವನ್ನು ಮುಚ್ಚಿಡಬೇಡ. ಎಲ್ಲ ಅಂಕಪಟ್ಟಿಗಳನ್ನೂ ಕೊಡು, ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳು. ನಾಳೆ ವಕೀಲಿಯ ಸನ್ನದು ಪಡೆಯುವಾಗ ಇದೇ ಕಾಗದಗಳು ಮತ್ತೆ ಮೇಜಿನ ಮೇಲೆ ಬರುತ್ತವೆ.

• ಕನ್ನಡ ಮಾಧ್ಯಮದವನೆಂದು ಅಳುಕಬೇಡ. ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಕೆಳಗಿನ ಕೋರ್ಟುಗಳಲ್ಲಿ ಕನ್ನಡ ನಡೆಯುತ್ತದೆ, ಹೈಕೋರ್ಟಿನಲ್ಲಿ ಮಾತ್ರ ಇಂಗ್ಲಿಷು. ಅದಕ್ಕೆ ಈಗಿನಿಂದಲೇ ದಿನಕ್ಕೆ ಒಂದು ಪುಟ ತೀರ್ಪು ಓದು. ಗೊತ್ತಿಲ್ಲದ ಪದಕ್ಕೆ ಗೆರೆ ಹಾಕು, ರಾತ್ರಿ ಅರ್ಥ ಬರೆದಿಡು.

• ಇದೊಂದನ್ನು ಇವತ್ತೇ ಮಾಡು: ನಿಮ್ಮ ತೋಟದ ಪಹಣಿ ತೆಗೆದು ಮುಂದಿಟ್ಟುಕೋ. 9ನೇ ಕಾಲಂನಲ್ಲಿ ಯಾರ ಹೆಸರಿದೆ? 10ರಲ್ಲಿ ಅದು ಅವರಿಗೆ ಹೇಗೆ ಬಂತೆಂದಿದೆ? 11ರಲ್ಲಿ ಸೊಸೈಟಿಯ ಸಾಲ ಇನ್ನೂ ಕೂತಿದೆಯೇ? ಅಜ್ಜನ ಹೆಸರು ಹಾಗೆಯೇ ಉಳಿದಿದ್ದರೆ ಯಾಕೆಂದು ಮನೆಯ ಹಿರಿಯರನ್ನು ಕೇಳು. ತೋಟಕ್ಕೆ ತಾಗಿದ ಸರಕಾರಿ ಕುಮ್ಕಿ ಜಾಗ ಎಲ್ಲಿಂದ ಎಲ್ಲಿವರೆಗೆ, 1974ರ ಭೂಸುಧಾರಣೆಯಲ್ಲಿ ಗೇಣಿದಾರರೆಂದು ಡಿಕ್ಲರೇಶನ್ ಕೊಟ್ಟವರು ಯಾರು, ಪಾಲುಪಟ್ಟಿ ರಿಜಿಸ್ಟರ್ ಆಗಿದೆಯೇ? ನಮ್ಮ ಸುಳ್ಯದ ಕೋರ್ಟಿಗೆ ಬರುವ ವ್ಯಾಜ್ಯಗಳ ಬೇರು ಬಹಳಷ್ಟು ಸಲ ಇಂಥ ಕಾಗದದಲ್ಲೇ ಇರುತ್ತದೆ. ಇದನ್ನು ಅರ್ಥ ಮಾಡಿಕೊಂಡು ಕ್ಲಾಸಿಗೆ ಹೋದವನಿಗೆ ಆಸ್ತಿ ಕಾನೂನಿನ ಪುಸ್ತಕ ಬಾಯಿಪಾಠದ ವಿಷಯ ಆಗುವುದಿಲ್ಲ. ತೊಂಬತ್ತು ಪರ್ಸೆಂಟ್ ತೆಗೆದ ಎಷ್ಟೋ ಮಕ್ಕಳಿಗೆ ಪಹಣಿ ಓದಲು ಬರುವುದಿಲ್ಲ.

• ಸೇರಿದ ಮೇಲೆ ಹಾಜರಿ ಶೇ 70 ಬೇಕು, ಪ್ರತಿ ವಿಷಯಕ್ಕೂ. ಅಡಿಕೆ ಕೊಯ್ಲಿಗೆ ಮನೆಯಲ್ಲಿ ಜನ ಸಾಲುವುದಿಲ್ಲ, ಗೊತ್ತು. ಆ ದಿನಗಳ ಕೆಲಸವನ್ನು ಅಪ್ಪನ ಹತ್ತಿರ ಮೊದಲೇ ಕೂತು ಮಾತಾಡಿಕೋ. ಭಾನುವಾರ ಪೂರ್ತಿ ತೋಟಕ್ಕೆ ಕೊಡು, ಸೋಮವಾರ ಬೆಳಿಗ್ಗೆ ಬಸ್ಸು ತಪ್ಪಿಸಬೇಡ.