ಕಾಗೆ ನೋಡಿ ಕಲಿತ ಲಕ್ಷ್ಮಣ್: ಮೆಚ್ಚಿದ ಕಲಾವಿದರಿಂದ ಏನು ಕಲಿಯೋದು?

ನಮ್ಮ ಕ್ಯಾಂಪಸ್ಸಿನಲ್ಲಿ ಚಿತ್ರ ಬರೆಯೋರಿಗೆ ಬರವಿಲ್ಲ. ಯಾರದ್ದೇ ನೋಟ್ಸಿನ ಕೊನೇ ಪುಟ ತೆಗೆದರೂ ಸರ್ಕ್ಯೂಟಿನ ಪಕ್ಕ ಒಬ್ಬ ಲೆಕ್ಚರರ ಮುಖ ಇರುತ್ತೆ. ಆದರೆ ಮೆಚ್ಚಿದ ಕಲಾವಿದರ ಗೆರೆಯನ್ನು ಹಾಗೇ ನಕಲು ಮಾಡೋಕೆ ಹೋಗ್ತೀವಿ. ಬರದಿದ್ದರೆ "ನಮಗೆ ಟ್ಯಾಲೆಂಟ್ ಇಲ್ಲ ಬಿಡು" ಅಂತ ಪೆನ್ಸಿಲ್ ಕೆಳಗಿಡ್ತೀವಿ. ಹಾಗಾದರೆ ಅವರಿಂದ ಕಲಿಯಬೇಕಾದದ್ದು ಏನು? ಆರ್. ಕೆ. ಲಕ್ಷ್ಮಣ್ ಅವರ ಬದುಕಿನಲ್ಲಿ ಇದಕ್ಕೆ ಒಳ್ಳೇ ಉತ್ತರ ಸಿಗುತ್ತೆ.

1921ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಲಕ್ಷ್ಮಣ್, ಚಿಕ್ಕಂದಿನಲ್ಲೇ ಬ್ರಿಟಿಷ್ ಪತ್ರಿಕೆಗಳ ವ್ಯಂಗ್ಯಚಿತ್ರಕಾರ ಡೇವಿಡ್ ಲೋ ಅವರ ಅಭಿಮಾನಿ. ಆ 'ಲೋ' ಎಂಬ ಸಹಿಯನ್ನು ಬಹಳ ದಿನ 'ಕೌ' ಅಂತಲೇ ಓದಿಕೊಂಡಿದ್ದರಂತೆ! ಅಭಿಮಾನ ಅಷ್ಟಿದ್ದರೂ ಅವರ ಅಭ್ಯಾಸದ ವಸ್ತು ಕಿಟಕಿಯಾಚೆಗಿತ್ತು. ಒಣಗಿದ ಕಡ್ಡಿ, ಎಲೆ, ಹರಿದಾಡುವ ಹಲ್ಲಿ, ಸೌದೆ ಒಡೆಯುವ ಆಳು, ಎದುರು ಮನೆ ಮಾಡಿನ ಮೇಲಿನ ಕಾಗೆ. ಕಂಡದ್ದನ್ನೆಲ್ಲ ಬರೆದರು. ಕಾಗೆಯನ್ನಂತೂ ಕೊನೆಯವರೆಗೂ ಬಿಡಲಿಲ್ಲ.

ಮುಂದೆ ಮುಂಬೈನ ಜೆ. ಜೆ. ಕಲಾಶಾಲೆಗೆ ಅರ್ಜಿ ಹಾಕಿದರು. ಸೇರಿಸಿಕೊಳ್ಳುವಷ್ಟು ಪ್ರತಿಭೆ ಇಲ್ಲ ಅಂತ ಉತ್ತರ ಬಂತು. ಸೀಟು ಸಿಗಲಿಲ್ಲ, ಆದರೆ ಕಾಗೆಗಳೇನೂ ಎಲ್ಲೂ ಹೋಗಿರಲಿಲ್ಲವಲ್ಲ! ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಬಿ.ಎ. ಓದುತ್ತಲೇ ಬರೆದರು. ಅಣ್ಣ ಆರ್. ಕೆ. ನಾರಾಯಣ್ ಕತೆಗಳಿಗೆ ಚಿತ್ರ ಮಾಡಿದರು. ರಾಶಿಯವರ 'ಕೊರವಂಜಿ'ಗೂ ಬರೆದರು. ಅಂದರೆ ನಮ್ಮ ಹಾಗೇ, ಡಿಗ್ರಿ ಒಂದು ಕಡೆ, ಇಷ್ಟದ ಕೆಲಸ ಇನ್ನೊಂದು ಕಡೆ.

ಲೋ ಅವರಿಗೆ 'ಕರ್ನಲ್ ಬ್ಲಿಂಪ್' ಎಂಬ ಪಾತ್ರವಿತ್ತು. ದಪ್ಪ ಮೀಸೆಯ, ಹಳೇ ತಲೆಯ, ಬಾಯಿ ಬಡುಕ ಅಧಿಕಾರಿ. ಲಕ್ಷ್ಮಣ್ ಅವರ ಶ್ರೀಸಾಮಾನ್ಯನಿಗೆ ಪಂಚೆ, ಚೌಕಳಿ ಕೋಟು, ಕನ್ನಡಕ, ಮಾತೇ ಇಲ್ಲ. ಒಂದೇ ಪಾತ್ರವನ್ನು ಇಡೀ ಒಂದು ವರ್ಗದ ಪ್ರತಿನಿಧಿ ಮಾಡುವ ಉಪಾಯ ಎರಡರಲ್ಲೂ ಇದೆ. ಆದರೆ ಪಾತ್ರಗಳು ಮಾತ್ರ ಪೂರ್ತಿ ಬೇರೆ. ಶ್ರೀಸಾಮಾನ್ಯ ಹುಟ್ಟಿದ ಬಗೆಯೂ ಎಂಜಿನಿಯರಿಂಗ್ ಓದುವವರಿಗೆ ಇಷ್ಟವಾಗುವಂಥದ್ದೇ. ದೇಶದ ಜನರನ್ನು ತೋರಿಸೋಕೆ ಮೊದಮೊದಲು ಬೇರೆ ಬೇರೆ ಪ್ರಾಂತ್ಯದ ಗುಂಪನ್ನೇ ಬರೆಯುತ್ತಿದ್ದರು. ಪತ್ರಿಕೆಯ ಡೆಡ್‌ಲೈನ್ ಬಿಡಬೇಕಲ್ಲ? ಒಬ್ಬೊಬ್ಬರನ್ನೇ ತೆಗೆಯುತ್ತಾ ಹೋಗಿ ಕೊನೆಗೆ ಒಬ್ಬನೇ ಉಳಿದ.

ಲಕ್ಷ್ಮಣ್‌ಗೆ ಸಿಗದ ಅದೇ ಜೆ. ಜೆ.ಯಲ್ಲಿ ಓದಿ, ಅಲ್ಲೇ ಪಾಠ ಮಾಡಿದವರು ಉಡುಪಿ ಬಳಿಯ ಕಟ್ಟಿಂಗೇರಿಯ ಕೆ. ಕೆ. ಹೆಬ್ಬಾರ್. ಅವರಿಗೆ ಶಾಲೆಯ ಪಾಠವಷ್ಟೇ ಸಾಕಾಗಲಿಲ್ಲ. ಲಯ ಅಂದರೇನು ಅಂತ ತಿಳಿಯೋಕೆ ಕಥಕ್ ನೃತ್ಯವನ್ನೇ ಕಲಿತರು. ಅವರ ರೇಖಾಚಿತ್ರಗಳಲ್ಲಿ ಗೆರೆ ಕುಣಿದ ಹಾಗೆ ಕಾಣೋದು ಸುಮ್ಮನೆ ಅಲ್ಲ. ಸೀಟು ಸಿಕ್ಕವರೂ ಸಿಗದವರೂ, ಇಬ್ಬರೂ ಕಲಿತದ್ದು ತರಗತಿಯ ಹೊರಗೂ ಕಣ್ಣು ಬಿಟ್ಟು ನೋಡಿ.

ಹಾಗಾಗಿ ನೀವು ಮೆಚ್ಚಿದ ಕಲಾವಿದರು ಯಾರೇ ಆಗಿರಲಿ, ಮೂರು ಪ್ರಶ್ನೆ ಕೇಳಿಕೊಳ್ಳಿ:

1. ಅವರು ದಿನಾ ಏನನ್ನು ನೋಡುತ್ತಿದ್ದರು?
2. ತಮ್ಮ ಕಲೆಯ ಆಚೆಗೆ ಏನು ಕಲಿತರು?
3. ತಮ್ಮ ಕೆಲಸದಿಂದ ಏನನ್ನು ತೆಗೆದುಹಾಕಿದರು?

ಉತ್ತರ ಹುಡುಕುತ್ತಾ ಒಂದು ಸಣ್ಣ ಅಭ್ಯಾಸವನ್ನೂ ಮಾಡಿ ನೋಡಿ. ಹಾಸ್ಟೆಲ್ ಗೇಟಿನ ನಾಯಿಯೋ, ಕ್ಯಾಂಟೀನಿನ ಟೀ ಲೋಟವೋ, ಯಾವುದಾದರೂ ಒಂದನ್ನೇ ಆರಿಸಿಕೊಳ್ಳಿ. ಏಳು ದಿನ, ದಿನಕ್ಕೆ ಹತ್ತು ನಿಮಿಷ, ಎದುರಿಗೆ ಕೂತು ಬರೆಯಿರಿ. ಫೋಟೋ ನೋಡಿ ಬೇಡ. ಎಲ್ಲೂ ಪೋಸ್ಟ್ ಮಾಡೋದೂ ಬೇಡ. ಏಳನೇ ದಿನದ ಚಿತ್ರವನ್ನು ಮೊದಲನೇ ದಿನದ್ದರ ಪಕ್ಕ ಇಡಿ. ಟ್ಯಾಲೆಂಟ್ ಇದೆಯೋ ಇಲ್ಲವೋ ಅನ್ನೋ ಮಾತನ್ನು ಆಮೇಲೆ ಆಡೋಣ.